ನಕ್ಷತ್ರ ಆರಲಿಲ್ಲ ಅಂದ್ರೂ ಬರೀರಿ

‘ಚಿಂಚೋಳಿಗೆ ನನ್ನೇ ಯಾಕ ಕಳಸ್ತಿಯೋ? ಅಲ್ಲಿ ನಕ್ಷತ್ರ ಆರಲಿಲ್ಲಂದ್ರ ರಾತ್ರಿ ನಿದ್ದಿ ದಂಡ’ ಅಂತ ಗೆಳೆಯನ ವಾಟ್ಸಾಪ್ ಮೆಸೇಜ್.

ಕ್ಷುದ್ರಗ್ರಹ ನಕ್ಷತ್ರದ ಮುಂದೆ ಹಾದಾಗ ಅದರ ನೆರಳು ಭೂಮಿ ಮೇಲೆ ಓಡುತ್ತೆ. ನೆರಳಿನ ಅಗಲ ಹೆಚ್ಚುಕಮ್ಮಿ ಆ ಕಲ್ಲಿನಷ್ಟೇ. 40 ಕಿ.ಮೀ. ಕಲ್ಲಾದರೆ ವಾಡಿಯಲ್ಲಿ ನಕ್ಷತ್ರ ಕೆಲವೇ ಸೆಕೆಂಡ್ ಮಾಯ; ಸುಮಾರು 60 ಕಿ.ಮೀ. ಆಚೆಯ ಚಿಂಚೋಳಿಯಲ್ಲಿ ಏನೂ ಆಗದಿರಬಹುದು. ಅದಕ್ಕೇ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗೆ ಒಬ್ಬೊಬ್ಬರು. ಐವರ ಟೈಮ್ ಸೇರಿಸಿದರೆ ಕಲ್ಲಿನ ಆಕಾರ ಸಿಗುತ್ತೆ. ‘ಆರಲಿಲ್ಲ’ ಅನ್ನೋ ಉತ್ತರ ಅದರ ಅಂಚು ಎಲ್ಲಿ ಮುಗೀತು ಅಂತ ಹೇಳುತ್ತೆ.

1977ರ ಮಾರ್ಚ್ 10ರಂದು ಯುರೇನಸ್ ನಕ್ಷತ್ರವೊಂದನ್ನು ಮರೆಮಾಡುವುದನ್ನು ನೋಡಲು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಭಟ್ಟಾಚಾರ್ಯ, ಕುಪ್ಪುಸ್ವಾಮಿ ಕಾವಲೂರಿನಲ್ಲಿ ಕಾದಿದ್ದರು. ಹೇಳಿದ ಹೊತ್ತಿಗೂ ಮೊದಲೇ ನಕ್ಷತ್ರ ಮಿಣುಕಿತು. ಹೊಸ ಉಪಗ್ರಹ ಅಂದುಕೊಂಡರು. ಅದೇ ರಾತ್ರಿ ವಿಮಾನದಿಂದ ನೋಡಿದ ಅಮೆರಿಕನ್ನರಿಗೂ ಹೀಗೇ ಕಂಡಿತ್ತು. ಅವು ಯುರೇನಸ್‌ನ ಉಂಗುರಗಳು!

ಆಕಲ್ಟ್ ವಾಚರ್ ಎಂಬ ಉಚಿತ ಸಾಫ್ಟ್‌ವೇರ್‌ಗೆ ನಿಮ್ಮೂರಿನ ಅಕ್ಷಾಂಶ, ರೇಖಾಂಶ ಕೊಡಿ, ಮುಂದಿನ ನೆರಳಿನ ಹಾದಿ ಸಿಗುತ್ತೆ. ನಕ್ಷತ್ರ ಪ್ರಕಾಶಮಾನವಾಗಿದ್ದರೆ ಬೈನಾಕ್ಯುಲರ್ ಸಾಕು. ಹತ್ತು ನಿಮಿಷ ಮೊದಲೇ ಕಣ್ಣಿಡಿ.

ಗೆಳೆಯನಿಗೆ ಇಷ್ಟೂ ಬರೆದೆ. ‘ಆಯ್ತಪಾ, ಹೋಗ್ತೀನಿ. ಚಹಾದ ರೊಕ್ಕ ನಿಂದು’ ಅಂದ.