ಉತ್ತರಕ್ಕೆ ಹೊಂದಿಸಿದ ವಿಜ್ಞಾನ ಸಾಕು

ಪ್ರತಿವರ್ಷದಂತೆ ಈ ಸಲವೂ ನಮ್ಮ ಸಂಘದ ಪ್ರತಿಭಾ ಪುರಸ್ಕಾರ ಸಮಾರಂಭ ವಿಜೃಂಭಣೆಯಿಂದ ನಡೆಯಿತು. ಇಂಜಿನಿಯರಿಂಗ್ ಸೀಟು ಪಡೆದವರಿಗೆ ಶಾಲು, ಮೆಡಿಕಲ್ ಸೀಟು ಪಡೆದವರಿಗೆ ಶಾಲಿನೊಡನೆ ಹಾರ. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತ, ಬೇಸಿಗೆ ರಜೆಯ ಎರಡು ತಿಂಗಳು ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡಲು ಆಯ್ಕೆಯಾಗಿದ್ದ ನಮ್ಮವರೇ ಆದ ಹುಡುಗಿಯೊಬ್ಬಳು ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಅವಳ ತಂದೆಯನ್ನು ಕೇಳಿದ್ದು ಇಷ್ಟೆ: "ಯಾಕ್ರೀ, ಇಂಜಿನಿಯರಿಂಗ್ ಸಿಗಲಿಲ್ಲವೇ?"

ಆ ತಂದೆ ನಕ್ಕು ಸುಮ್ಮನಾದರು. ನಾವು ಸುಮ್ಮನಿರಲಾರೆವು. ಬಿ.ಎಸ್ಸಿ. ಮಾಡಿ ಗುಮಾಸ್ತರಾದವರು ನಾವು. ನಮ್ಮ ಕಾಲೇಜಿನ ಪ್ರಾಕ್ಟಿಕಲ್ ಎಂಥದು? ಲೋಲಕದ ಪ್ರಯೋಗದಲ್ಲಿ ಉತ್ತರ 980ರ ಸುಮಾರಿಗೆ ಬರಬೇಕೆಂದು ಮೊದಲೇ ಗೊತ್ತು. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುತ್ತಿದ್ದೆವು. ನಿಜವಾಗಿ ಅಳೆದವನಿಗೆ ಕಡಿಮೆ ಅಂಕ, ಹೊಂದಿಸಿದವನಿಗೆ ಪೂರ್ತಿ ಅಂಕ. ಮೂರು ವರ್ಷ ವಿಜ್ಞಾನ ಓದಿ ನಾವು ಕಲಿತದ್ದು ಅಚ್ಚುಕಟ್ಟಾಗಿ ಸುಳ್ಳು ಬರೆಯುವುದನ್ನು.

ಆ ಹುಡುಗಿ ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಪುಸ್ತಕದ ಕೊನೆಯಲ್ಲಿ ಉತ್ತರವಿಲ್ಲ. ಒಂದೇ ಉಪಕರಣವನ್ನು ವಾರಗಟ್ಟಲೆ ಹೊಂದಿಸಬೇಕು. ತಪ್ಪಿದ ರೀಡಿಂಗನ್ನೂ ಅಳಿಸದೆ, ದಿನಾಂಕ ಹಾಕಿ ಬರೆದಿಡಬೇಕು. ಗುಂಪಿನೆದುರು ನಿಂತು "ಆಗಲಿಲ್ಲ" ಎನ್ನಬೇಕು, ಯಾಕೆ ಆಗಲಿಲ್ಲವೆಂದೂ ಹೇಳಬೇಕು. ಇದನ್ನು ಹತ್ತೊಂಬತ್ತರ ಹರೆಯದಲ್ಲಿ ಕಲಿತ ಮಗು ಮುಂದೆ ಬ್ಯಾಂಕಿಗೆ ಸೇರಿದರೂ ಬೇರೆಯೇ ಮನುಷ್ಯನಾಗುತ್ತದೆ.

ಇಂಥ ಅವಕಾಶ ದೂರದಲ್ಲಿಲ್ಲ. ಹಾರ್ಬರ್ ಲೈನಿನಲ್ಲಿ ವಾಶಿಗೆ ಹೋಗುವಾಗ ನಾವೆಲ್ಲ ದಾಟುವ ಮಾನ್‌ಖುರ್ದ್‌ನಲ್ಲೇ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ. ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಹಚ್ಚುವ ಕಾರ್ಯಕ್ರಮವನ್ನು ಅದು 2004ರಲ್ಲೇ ಆರಂಭಿಸಿತು. ಬೆಂಗಳೂರು, ದಿಲ್ಲಿ, ಪ್ರಯಾಗರಾಜಗಳ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತ ಬಂದಿವೆ. ಹಿತ್ತಲ ಗಿಡ ಮದ್ದಲ್ಲವೆಂದು ನಾವು ಮಾತ್ರ ಕೋಚಿಂಗ್ ಕ್ಲಾಸಿನ ಬಾಗಿಲಲ್ಲಿ ಕ್ಯೂ ನಿಲ್ಲುತ್ತೇವೆ.

ಸರಕಾರದ ಅನ್ನ ತಿನ್ನುವವರು ಆಡಬಾರದ ಮಾತೇನೋ, ಆದರೂ ಆಡುತ್ತೇವೆ: ಸರಕಾರದ್ದೂ ತಪ್ಪಿದೆ. 1999ರಲ್ಲಿ ಆರಂಭವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆಯನ್ನು 2022ರಲ್ಲಿ ನಿಲ್ಲಿಸಿ, ಅದನ್ನು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಿಬಿಟ್ಟರು. ಅದೇ ವರ್ಷ ಯು.ಜಿ.ಸಿ. ಹೊರಡಿಸಿದ ಚೌಕಟ್ಟಿನಂತೆ, ಪದವಿಯ ನಾಲ್ಕನೆಯ ವರ್ಷದಲ್ಲಿ ಸಂಶೋಧನೆ ಮಾಡಲು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಬೇಕು. ಅಂದರೆ ಮತ್ತೆ ಅದೇ ಹೊಂದಿಸಿ ಬರೆದವನಿಗೇ ಬಾಗಿಲು!

"ಹೊಟ್ಟೆಪಾಡು?" ಎನ್ನುವಿರಿ. ಪ್ರಶ್ನೆ ನ್ಯಾಯವಾದದ್ದೇ. ಹಾದಿ ಉದ್ದ. ಪಿಎಚ್.ಡಿ. ಮಾಡುವ ಜೆ.ಆರ್.ಎಫ್. ವಿದ್ಯಾರ್ಥಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಗೊತ್ತಾಗಿದೆ, ಅದೂ ಸಕಾಲಕ್ಕೆ ಕೈಸೇರುವುದಿಲ್ಲವೆಂಬ ದೂರುಗಳಿವೆ. ಆದರೆ ಸರ್ ಸಿ.ವಿ. ರಾಮನ್ ಅವರನ್ನು ನೆನೆಯಿರಿ. ಮದ್ರಾಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಅವರ ಮೊದಲ ಸಂಶೋಧನ ಲೇಖನ ಅಚ್ಚಾಯಿತು. ಆಮೇಲೆ ಅವರೂ ನಮ್ಮಂತೆ ಸರಕಾರದ ಲೆಕ್ಕಪತ್ರ ನೋಡಿದವರೇ! ಕಲಕತ್ತೆಯಲ್ಲಿ ಆಫೀಸಿನ ಹೊತ್ತಿನ ಆಚೆಗೆ ಪ್ರಯೋಗ ನಡೆಸಿ, 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನೇ ಬಿಟ್ಟು ಪ್ರಾಧ್ಯಾಪಕರಾದರು. ಬೆಂಗಳೂರಿನ ರಾಮನ್ ನಮ್ಮವರೆಂದು ಭಾಷಣ ಬಿಗಿಯುವ ನಾವು, ಮನೆಯ ಮಗಳು ಆ ದಾರಿ ಹಿಡಿದರೆ ಮರುಕದಿಂದ ನೋಡುತ್ತೇವೆ.

ಎಲ್ಲ ಮಕ್ಕಳೂ ವಿಜ್ಞಾನಿಗಳಾಗಲಿ ಎಂದು ನಾವು ಹೇಳುತ್ತಿಲ್ಲ. ಕೇಳುವುದು ಎರಡೇ. ಬರುವ ವರ್ಷದ ಪಟ್ಟಿಯಲ್ಲಿ ಸಂಶೋಧನೆಗೆ ಆಯ್ಕೆಯಾದ ಪದವಿ ವಿದ್ಯಾರ್ಥಿಗಳಿಗೂ ಕಾರ್ಯಕಾರಿ ಸಮಿತಿ ಜಾಗ ಕೊಡಲಿ. ಎರಡು ತಿಂಗಳು ಪರ ಊರಿನ ಹಾಸ್ಟೆಲಿನಲ್ಲಿರುತ್ತೇನೆಂದು ಮಗಳು ಕೇಳಿದರೆ, ತಂದೆತಾಯಂದಿರು ಬೇಡವೆನ್ನುವ ಮುಂಚೆ ಒಮ್ಮೆ ಆ ಪ್ರಯೋಗಾಲಯವನ್ನು ಹೋಗಿ ನೋಡಿ ಬರಲಿ.

ನಾವು 980ಕ್ಕೆ ಹೊಂದಿಸಿ ಬರೆದು ಪಾಸಾದೆವು. ನಮ್ಮ ಮಕ್ಕಳಾದರೂ ಅಳೆದು ನೋಡಲಿ.