ಟೆಸ್ಟ್ ಡ್ರೈವ್‌ನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತವರು

ಕೆಲವು ವಾರಗಳ ಹಿಂದೆ ಗೆಳೆಯರೊಬ್ಬರ ಒತ್ತಾಯಕ್ಕೆ ಮಣಿದು ಮಂಗಳೂರಿನ ಕಾರು ಶೋರೂಮೊಂದಕ್ಕೆ ಹೋಗಿದ್ದೆ. ಅವರು 22 ವರ್ಷ ಸೌದಿಯಲ್ಲಿ ದುಡಿದು ಊರಿಗೆ ಮರಳಿದವರು. ಮಗಳ ಮದುವೆ ನಿಶ್ಚಯವಾಗಿದೆ. ಭಾವೀ ಅಳಿಯ ಮತ್ತು ಆತನ ಅಣ್ಣ ನಮಗಿಂತ ಮೊದಲೇ ಅಲ್ಲಿ ತಲುಪಿದ್ದರು. ನೋಡಬೇಕಾಗಿದ್ದುದು ಐಷಾರಾಮಿ ಸೆಡಾನ್. ಎಕ್ಸ್-ಶೋರೂಮ್ ಬೆಲೆಯೇ 50 ಲಕ್ಷ ರೂಪಾಯಿ.

‘ಅವರು ಏನನ್ನೂ ಕೇಳಿಲ್ಲ’ ಎಂದು ಗೆಳೆಯರು ದಾರಿಯುದ್ದಕ್ಕೂ ಹೇಳುತ್ತಿದ್ದರು. ನಿಜವಿರಬಹುದು. ಕಾರನ್ನು ಯಾರೂ ಕೇಳಿರಲಿಲ್ಲ. ಅಣ್ಣನ ಮದುವೆಯಲ್ಲಿ ಬಂದ ಕಾರಿನ ಬಗ್ಗೆ ಮಾತ್ರ ಎರಡು ಬಾರಿ ಮಾತನಾಡಿದ್ದರು.

ಶೋರೂಮಿನವರು ಅಳಿಯನ ಚಾಲನಾ ಪರವಾನಗಿಯ ಪ್ರತಿ ತೆಗೆದುಕೊಂಡರು. ಮೊಬೈಲ್ ನಂಬರ್ ಮಾತ್ರ ನನ್ನ ಗೆಳೆಯರದ್ದನ್ನು ಬರೆದುಕೊಂಡರು! ಅಳಿಯ ಸ್ಟೇರಿಂಗ್ ಹಿಡಿದ. ಸೇಲ್ಸ್‌ಮನ್ ಆತನ ಪಕ್ಕದಲ್ಲಿ ಕುಳಿತ. ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಅಣ್ಣ, ಇನ್ನೊಂದು ಬದಿಗೆ ಹಣ ಕೊಡಬೇಕಾದವರು, ನಡುವೆ ನಾನು. ಐಷಾರಾಮಿ ಎನ್ನಲಾಗುವ ಈ ಕಾರಿನ ನಡುಭಾಗದಲ್ಲಿ ನೆಲ ಉಬ್ಬಿಕೊಂಡಿದೆ. ಕಾಲಿಡಲು ಸ್ಥಳವಿಲ್ಲದೆ ಮೊಣಕಾಲು ಎದೆಗೆ ತಾಗುವಂತೆ ಕುಳಿತಿದ್ದೆ. ಮದುವೆಯ ನಂತರ ಆ ಸ್ಥಾನ ಯಾರ ಪಾಲಿಗೆ ಬರುತ್ತದೋ ಗೊತ್ತಿಲ್ಲ.

ನಿಜವಾಗಿ, ಟೆಸ್ಟ್ ಡ್ರೈವ್ ಎಂಬುದು ಪರೀಕ್ಷೆಯೇ? ಹಾಗಿದ್ದರೆ ಪರೀಕ್ಷೆಗೊಳಗಾಗುವುದು ಕಾರೋ ಅಥವಾ ಗಿರಾಕಿಯೋ? ಪ್ರಶ್ನೆಪತ್ರಿಕೆಯನ್ನು ತಯಾರಿಸುವುದೂ ಉತ್ತರ ಬರೆಯುವುದೂ ಮಾರುವವನೇ. ಸಾಮಾನ್ಯವಾಗಿ ಅಲ್ಲಿ ಓಡಿಸಲು ಕೊಡುವುದು ಎಲ್ಲ ಸೌಲಭ್ಯಗಳಿರುವ ದುಬಾರಿ ಮಾದರಿಯನ್ನು. ಖರೀದಿಸುವುದು ಹೆಚ್ಚಾಗಿ ಅದಕ್ಕಿಂತ ಕೆಳಗಿನದ್ದನ್ನು. ರಸ್ತೆಯೂ ಅವರೇ ಗೊತ್ತುಪಡಿಸಿದ್ದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಾಲ್ಕೈದು ಕಿಲೋಮೀಟರ್ ನೇರ ಓಟ, ಒಂದು ತಿರುವು, ಮತ್ತೆ ಶೋರೂಮ್. ಹದಿನೈದೇ ನಿಮಿಷ. ನನ್ನ ಗೆಳೆಯರ ಮನೆಗೆ ಹೋಗುವ ಓಣಿಯಲ್ಲಿ ಎದುರಿನಿಂದ ಆಟೋ ಬಂದರೆ ಒಬ್ಬರು ಹಿಂದಕ್ಕೆ ಸರಿಯಲೇಬೇಕು. ಮಸೀದಿಯ ಬಳಿ ಎತ್ತರದ ಎರಡು ಹಂಪ್‌ಗಳಿವೆ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ತಗ್ಗಾಗಿರುವ, ಉದ್ದನೆಯ ಈ ವಾಹನ ಐದು ಮಂದಿಯ ಭಾರದೊಂದಿಗೆ ಆ ಹಂಪನ್ನು ದಾಟೀತೇ? ಸ್ಟೆಪ್ನಿ ಇದೆಯೇ ಅಥವಾ ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ರನ್-ಫ್ಲಾಟ್ ಟೈರುಗಳೇ? ಅಂಥ ಒಂದು ಟೈರಿನ ಬೆಲೆಯೆಷ್ಟು? ವಾರಂಟಿ ಮುಗಿದ ಮೇಲೆ ಒಂದು ಸರ್ವೀಸಿಗೆ ಎಷ್ಟಾಗುತ್ತದೆ? ಯಾರೂ ಕೇಳಲಿಲ್ಲ. ನಾನು ಕೇಳಿದಾಗ, ‘ಸಾರ್, ಸನ್‌ರೂಫ್ ನೋಡಿ’ ಎಂದ ಸೇಲ್ಸ್‌ಮನ್. ಅವನನ್ನು ದೂರಿ ಪ್ರಯೋಜನವಿಲ್ಲ. ಆ ಯುವಕನಿಗೂ ತಿಂಗಳ ಗುರಿಯಿದೆ, ಮನೆಯಿದೆ.

ಹಿಂತಿರುಗಿದ ಮೇಲೆ ಚಹಾ ಬಂತು, ಅದರ ಹಿಂದೆಯೇ ಲೆಕ್ಕದ ಹಾಳೆಯೂ ಬಂತು. ಈ ಹಾಳೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಸ್ಟೇರಿಂಗ್‌ನ ಮೃದುತ್ವದ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಇದನ್ನು ಓದದೆಯೇ ಸಹಿ ಹಾಕುತ್ತೇವೆ.

2025ರ ಸೆಪ್ಟೆಂಬರ್ 22ರಿಂದ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ. 40. ಹಿಂದಿದ್ದ ಸೆಸ್ ಹೋಯಿತು, ಬೆಲೆ ಇಳಿಯಿತು ಎಂಬುದು ನಿಜ. ಆದರೂ 50 ಲಕ್ಷದ ಕಾರಿನಲ್ಲಿ 14 ಲಕ್ಷಕ್ಕೂ ಹೆಚ್ಚು ಹಣ ತೆರಿಗೆಯೇ. ಅದರ ಮೇಲೆ ಕರ್ನಾಟಕದ ಜೀವಿತಾವಧಿ ರಸ್ತೆ ತೆರಿಗೆ. 20 ಲಕ್ಷ ಮೀರಿದ ಕಾರಿಗೆ ಅದು ಶೇ. 18, ಅಂದರೆ 9 ಲಕ್ಷ ರೂಪಾಯಿ ಮತ್ತು ಸೆಸ್. 10 ಲಕ್ಷ ಮೀರಿದ ಕಾರಿಗೆ ಶೇ. 1ರಷ್ಟು ಟಿಸಿಎಸ್ ಎಂದು ಇನ್ನೂ 50 ಸಾವಿರ ಕಟ್ಟಬೇಕು. ಆದಾಯ ತೆರಿಗೆಯ ಲೆಕ್ಕ ಸಲ್ಲಿಸುವವರು ಅದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಿನವರು ಮರೆತೇಬಿಡುತ್ತಾರೆ. ಬಳಿಕ ವಿಮೆ. ಅದನ್ನು ಶೋರೂಮಿನಿಂದಲೇ ಪಡೆಯಬೇಕೆಂಬ ಕಡ್ಡಾಯವಿಲ್ಲ. ಆದರೆ ಹಾಳೆಯಲ್ಲಿ ಮಾತ್ರ ಕಡ್ಡಾಯವೆಂಬಂತೆ ಅಚ್ಚಾಗಿರುತ್ತದೆ. ಒಟ್ಟಿನಲ್ಲಿ, ಕಾರು ಗೇಟು ದಾಟುವಾಗ 60 ಲಕ್ಷ ಮೀರಿರುತ್ತದೆ ಮತ್ತು ಅದರಲ್ಲಿ 23 ಲಕ್ಷಕ್ಕೂ ಹೆಚ್ಚು ಸರಕಾರಕ್ಕೆ ಸಂದಿರುತ್ತದೆ.

‘ಲೋನ್ ಮಾಡಿಸಿಕೊಡುತ್ತೇವೆ, ಸಾರ್’ ಎಂದರು ಇನ್ನೊಬ್ಬರು. 40 ಲಕ್ಷ ಸಾಲಕ್ಕೆ ಶೇ. 9 ಬಡ್ಡಿ, ಏಳು ವರ್ಷ. ತಿಂಗಳ ಕಂತು ಸುಮಾರು 64,350 ರೂಪಾಯಿ. ಹಾಳೆಯಲ್ಲಿ ಇಷ್ಟೇ ಇತ್ತು. ಇದನ್ನು 84 ತಿಂಗಳಿಂದ ಗುಣಿಸಿದರೆ 54 ಲಕ್ಷವಾಗುತ್ತದೆ, ಅಂದರೆ ಬಡ್ಡಿಯೇ 14 ಲಕ್ಷ ಎಂಬುದು ಇರಲಿಲ್ಲ. ಐದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ 14 ಲಕ್ಷ ಅಸಲು ಬಾಕಿ ಇರುತ್ತದೆ. ಆ ಹೊತ್ತಿಗೆ ಕಾರಿನ ಗತಿಯೇನು? ವಿಮಾ ವಲಯದಲ್ಲಿ ರೂಢಿಯಲ್ಲಿರುವ ಪಟ್ಟಿಯ ಪ್ರಕಾರ ಆರು ತಿಂಗಳು ದಾಟಿದ ಕಾರಿನ ಮೌಲ್ಯದಲ್ಲಿ ಶೇ. 15 ಕಳೆಯುತ್ತಾರೆ. ನಾಲ್ಕು ವರ್ಷ ದಾಟಿದರೆ ಅರ್ಧಕ್ಕರ್ಧ. ರಸ್ತೆ ತೆರಿಗೆಗೆ ಕೊಟ್ಟ ಹಣವನ್ನಂತೂ ಮಾರುಕಟ್ಟೆಯಲ್ಲಿ ಯಾರೂ ಮರಳಿ ಕೊಡುವುದಿಲ್ಲ.

ನನ್ನ ಗೆಳೆಯರು ಬಡ್ಡಿಗೆ ಒಪ್ಪುವವರಲ್ಲ. ಇದನ್ನು ಮೆಚ್ಚಬೇಕೇ ಎಂದು ಯೋಚಿಸುತ್ತಿದ್ದಾಗಲೇ ಅವರು, ‘ರಸ್ತೆ ಬದಿಯ ಜಾಗ ಮಾರುತ್ತೇನೆ’ ಎಂದರು. ಸೌದಿಯ ಬಿಸಿಲಲ್ಲಿ ದುಡಿದು, ವರ್ಷಕ್ಕೊಮ್ಮೆ ಊರಿಗೆ ಬರುವುದನ್ನೂ ಮುಂದೂಡಿ ಖರೀದಿಸಿದ ಜಾಗವದು. ಅದರ ಬೆಲೆ ಏರುತ್ತಿದೆ. ಕಾರಿನ ಬೆಲೆ ಶೋರೂಮಿನ ಗೇಟಿನಿಂದಲೇ ಇಳಿಯತೊಡಗುತ್ತದೆ. ಏರುವುದನ್ನು ಮಾರಿ ಇಳಿಯುವುದನ್ನು ಕೊಳ್ಳುವ ಈ ವ್ಯಾಪಾರವನ್ನು ಅಂಗಡಿಯಲ್ಲಿ ಅವರು ಒಂದು ದಿನವೂ ಮಾಡಲಾರರು. ಮಗಳ ಮದುವೆ ಎಂದಾಕ್ಷಣ ಆ ಲೆಕ್ಕ ಎಲ್ಲಿ ಹೋಯಿತು? ಅಂದಹಾಗೆ, ಈ ಮದುವೆಗೆ ನಿಗದಿಯಾಗಿರುವ ಮಹ್ರ್ ಮೂರು ಪವನ್ ಚಿನ್ನ. ಈ ಕಾರಿನ ರಸ್ತೆ ತೆರಿಗೆಗೂ ಅದು ಸಾಲದು. ವಧುವಿಗೆ ಕೊಡಬೇಕಾದವನು ಸ್ಟೇರಿಂಗ್ ಹಿಡಿದಿದ್ದಾನೆ, ವಧುವಿನ ತಂದೆ ಹಿಂದಿನ ಸೀಟಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾರೆ. ಅದೂ ಎಸಿ ಕಾರಿನಲ್ಲಿ.

‘ಉಡುಗೊರೆ ಕೊಡುವುದೂ ತಪ್ಪೇ?’ ಎಂದು ಅವರು ಕೇಳಿದರು. ತಪ್ಪಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಬೇಡಿಕೆಯಿಲ್ಲದೆ ಕೊಡುವ ಉಡುಗೊರೆಗೆ ಅವಕಾಶ ನೀಡಿದೆ. ಆದರೆ ಅದನ್ನು ಪಟ್ಟಿಯಲ್ಲಿ ಬರೆದಿಡಬೇಕು. ಹೆಣ್ಣಿನ ಕಡೆಯವರು ವರನಿಗೆ ಕೊಡುವುದಾದರೆ ಅದು ರೂಢಿಯದ್ದಾಗಿರಬೇಕು, ಕೊಡುವವರ ಆರ್ಥಿಕ ಸ್ಥಿತಿಗೆ ಮೀರಿದ್ದಾಗಿರಬಾರದು. ವರದಕ್ಷಿಣೆ ಪಡೆಯುವವರಂತೆ ಕೊಡುವವರೂ ಶಿಕ್ಷಾರ್ಹರು, ಅದೂ ಕನಿಷ್ಠ ಐದು ವರ್ಷಗಳ ಸೆರೆವಾಸ. ಮದುವೆಗೆ ಮುಂಚೆ ಬೇರೆಯವರು ಪಡೆದ ವರದಕ್ಷಿಣೆಯನ್ನು ಮದುವೆಯಾಗಿ ಮೂರು ತಿಂಗಳೊಳಗೆ ಹೆಣ್ಣಿಗೆ ವರ್ಗಾಯಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಜಾಗ ಮಾರಿ ಕೊಡುವ ಕಾರು ಯಾವ ಪಟ್ಟಿಗೆ ಸೇರುತ್ತದೆ ಎಂದು ಹೇಳಲು ವಕೀಲರೇ ಬೇಕೆಂದಿಲ್ಲ.

ಆ ಹೊತ್ತಿಗೆ ಸೇಲ್ಸ್‌ಮನ್ ಬುಕಿಂಗ್ ಪುಸ್ತಕ ತೆರೆದ. ‘ಯಾರ ಹೆಸರಿಗೆ ಬರೆಯಲಿ, ಸಾರ್?’

ಅಳಿಯ ಅಣ್ಣನ ಮುಖ ನೋಡಿದ. ಅಣ್ಣ ಗಾಜಿನಾಚೆ ನಿಂತಿದ್ದ ಕಾರನ್ನು ನೋಡಿದ. ‘ಮಗಳ ಹೆಸರಿಗೆ ಬರೆಯಿರಿ’ ಎಂದೆ ನಾನು. ಅಳಿಯ ನಕ್ಕ, ‘ಅವಳಿಗೆ ಯಾಕೆ, ಅವಳು ಓಡಿಸುವುದಿಲ್ಲವಲ್ಲ’ ಎಂದ. ನನ್ನ ಗೆಳೆಯರು ಚಹಾದ ಲೋಟವನ್ನು ಕೆಳಗಿಟ್ಟು, ‘ಅವಳಿಗೆ ಲೈಸೆನ್ಸ್ ಇದೆ’ ಎಂದರು. ಅವರು ಅಂದು ಗಟ್ಟಿಯಾಗಿ ಆಡಿದ ಮಾತು ಅದೊಂದೇ. ಬುಕಿಂಗ್ ಆಗಲಿಲ್ಲ. ‘ಮನೆಯಲ್ಲಿ ಕೇಳಿ ಹೇಳುತ್ತೇವೆ’ ಎಂದು ಹೊರಬಂದೆವು.

ಈಗ ಶೋರೂಮಿನಿಂದ ದಿನಕ್ಕೆರಡು ಕರೆ ಬರುತ್ತಿದೆ, ತಿಂಗಳ ಕೊನೆಯೊಳಗೆ ಬುಕ್ ಮಾಡಿದರೆ ರಿಯಾಯಿತಿಯಂತೆ. ಜಾಗದ ದಲ್ಲಾಳಿ ಬರುವ ಭಾನುವಾರ ಬರುತ್ತಾನಂತೆ. ಅದಕ್ಕಿಂತ ಮೊದಲು ಆ ಕಾರನ್ನು ಇನ್ನೊಮ್ಮೆ ತರಿಸಿ, ಮಗಳನ್ನೇ ಸ್ಟೇರಿಂಗ್ ಮುಂದೆ ಕೂರಿಸಿ, ಓಣಿಯ ಆ ಎರಡು ಹಂಪ್‌ಗಳ ಮೇಲೆ ಓಡಿಸಿ ನೋಡಿ ಎಂದಿದ್ದೇನೆ. ಹಿಂದಿನ ಸೀಟಿನ ನಡುವೆ ಅಳಿಯ ಕುಳಿತುಕೊಳ್ಳಲಿ.