ಚಪ್ಪಡಿಯ ಸದ್ದು



ಕಳೆದ ಬೇಸಿಗೆಯಲ್ಲಿ ನಾವು ಹುಲಿಕುಂಟೆಯ ಹಿರಿಯ ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆವು. ನಾಲ್ಕು ತಲೆಮಾರು ಕಂಡ ಕಲ್ಲುಚಪ್ಪಡಿಯ ಮಾಳಿಗೆ ಅದು. ಅದರ ಮೇಲೆ 1000 ಲೀಟರಿನ ನೀರಿನ ಟ್ಯಾಂಕು ಕೂರಿಸಬೇಕೆಂದು ಮನೆಯವರ ಯೋಚನೆ. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ, ಅಡ್ಡಿಯಿಲ್ಲವೆಂದು ಹೇಳಿದ್ದ.

ಆತ ಅದನ್ನು ನಮಗೂ ತೋರಿಸಿದ. ಚಪ್ಪಡಿಯನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಭಾಗಿಸಿ, ಪ್ರತಿಯೊಂದರ ಮೇಲೂ ಬೀಳುವ ಬಲವನ್ನು ಗಣಕವು ಎಣಿಸುತ್ತದೆ. ಭಾರ ಬಿದ್ದ ಚಪ್ಪಡಿ ಬಾಗಿದಾಗ ಮೇಲ್ಮೈ ಅದುಮಿಕೊಳ್ಳುತ್ತದೆ, ತಳಭಾಗ ಎಳೆದುಕೊಳ್ಳುತ್ತದೆ. ಒಳ್ಳೆಯ ಗ್ರಾನೈಟು ಅದುಮಿದರೆ ಚದರ ಸೆಂಟಿಮೀಟರಿಗೆ 1000 ಕಿಲೋಗ್ರಾಂ ಭಾರವನ್ನೂ ತಾಳೀತು. ಎಳೆದರೆ ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಪಾಲನ್ನೂ ತಾಳಲಾರದು. ಇಷ್ಟೆಲ್ಲವನ್ನೂ ಹುಡುಗ ಸರಿಯಾಗಿಯೇ ಲೆಕ್ಕಕ್ಕೆ ತಂದಿದ್ದ.

ಅಷ್ಟರಲ್ಲಿ ಊರಿನ ವೃದ್ಧ ಕಲ್ಲುಕುಟಿಗರು ಬಂದರು. ಏಣಿ ಹತ್ತಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಚಪ್ಪಡಿಯ ತಳವನ್ನು ತಟ್ಟುತ್ತಾ ಹೋದರು. ಎರಡು ಚಪ್ಪಡಿ ಕಂಚಿನಂತೆ ಖಣಖಣಿಸಿದವು. ಮೂರನೆಯದು ಒಡೆದ ಮಡಕೆಯಂತೆ ಸದ್ದು ಮಾಡಿತು. ಹೊಗೆಯ ಮಸಿ ಒರೆಸಿ ನೋಡಿದರೆ ಕೂದಲೆಳೆಯಷ್ಟು ಬಿರುಕು! ಮಗುವಿನ ತೊಟ್ಟಿಲು ಅದರ ಕೆಳಗೇ ಇತ್ತು. ಹಿರಿಯರು ಮಾತಿಲ್ಲದೆ ಕುಳಿತುಬಿಟ್ಟರು.

ಗಣಕವು ಸುಳ್ಳಾಡಿರಲಿಲ್ಲ. ಅಖಂಡವಾದ ಕಲ್ಲೆಂದು ತಿಳಿಸಿದ್ದರಿಂದ ಅಖಂಡ ಕಲ್ಲಿಗೆ ತಕ್ಕ ಉತ್ತರವನ್ನೇ ಕೊಟ್ಟಿತ್ತು. ಬಿರುಕಿನ ತುದಿಯಲ್ಲಿ ಬಲವೆಲ್ಲ ಒಟ್ಟುಗೂಡುತ್ತದೆ. ಗಾಜು ಮೊದಲಾದ ಪೆಡಸು ವಸ್ತುಗಳು ಎಣಿಸಿದ್ದಕ್ಕಿಂತ ಬೇಗನೆ ಒಡೆಯುವುದಕ್ಕೆ ಇಂಥ ಸಣ್ಣ ಬಿರುಕುಗಳೇ ಕಾರಣವೆಂದು ಇಂಗ್ಲೆಂಡಿನ ಗ್ರಿಫಿತ್ 1921ರಲ್ಲಿಯೇ ವಿವರಿಸಿದ್ದರು. ಹುಡುಗ ಬಿರುಕನ್ನೂ ಸೇರಿಸಿ ಮತ್ತೆ ಲೆಕ್ಕ ಮಾಡಿದ. ಈ ಸಲ ಚಪ್ಪಡಿ ಉಳಿಯಲಿಲ್ಲ. ಅವನ ಮುಖ ಬಾಡಿತು; ತಪ್ಪನ್ನು ತಾನೇ ತಿದ್ದಿಕೊಂಡವನು ಬಾಡಬೇಕಾಗಿರಲಿಲ್ಲವೆಂದು ನಮಗನಿಸಿತು.

ದೊಡ್ಡವರೂ ಹೀಗೆ ಎಡವಿದ್ದುಂಟು. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದವು. ಆಗ ಫಾರ್ನ್‌ಬರೋದಲ್ಲಿ ಅದೇ ಜಾತಿಯ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಾರಾಟದಲ್ಲಿ ಆಗುವಂತೆ ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿದರು. ಹಿಂದೆ ಹಾರಿದ್ದೂ ಸೇರಿ 3057ನೆಯ ಸಲಕ್ಕೆ ಅದು ಬಿರಿಯಿತು. ಕಿಟಕಿಯ ಮೂಲೆಯ ಬಳಿ ಬಲವು ವಿನ್ಯಾಸಕಾರರು ಎಣಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತು.

ನಮ್ಮ ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯಲ್ಲಿಯೂ ವಿಮಾನದ ಭಾಗಗಳನ್ನು ಲೆಕ್ಕವೊಂದಕ್ಕೇ ಒಪ್ಪಿಸದೆ, ಯಂತ್ರಗಳಿಂದ ಎಳೆದು ಬಾಗಿಸಿ ಪರೀಕ್ಷಿಸುತ್ತಾರೆ. 2001ರ ಜನವರಿ 4ರಂದು ಮೊದಲು ಹಾರಿ, ಮುಂದೆ ತೇಜಸ್ ಎಂದು ಹೆಸರಾದ ವಿಮಾನದ ರೆಕ್ಕೆ ಇಂಗಾಲದ ನಾರಿನ ಪದರಗಳದು. ಇಂಥ ವಸ್ತುವಿನ ಮೈ ನುಣುಪಾಗಿದ್ದರೂ ಒಳಪದರಗಳು ಬಿಟ್ಟುಕೊಂಡಿರಬಹುದು. ಅದನ್ನರಿಯಲು ಕಿವಿಗೆ ಕೇಳಿಸದ ಧ್ವನಿಯನ್ನು ಹಾಯಿಸುತ್ತಾರೆ. ನಾಣ್ಯದಿಂದ ತಟ್ಟಿ ಸದ್ದು ಕೇಳುವ ಪದ್ಧತಿಯೂ ವಿಮಾನ ದುರಸ್ತಿಯವರಲ್ಲಿ ಉಂಟು. ಈ ಮಾತನ್ನು ಹೇಳಿದಾಗ ನಮ್ಮ ಕಲ್ಲುಕುಟಿಗರು ನಕ್ಕು, "ಹಂಗಾದ್ರೆ ಅವ್ರೂ ನಮ್ಮವ್ರೇ ಬಿಡಿ ಬುದ್ಧಿ" ಎಂದರು.

ಟ್ಯಾಂಕು ಈಗ ಹಿತ್ತಲಿನ ಕಲ್ಲುಕಟ್ಟೆಯ ಮೇಲಿದೆ. ಹೊಸ ಚಪ್ಪಡಿ ಬರುವವರೆಗೆ ಮೂರನೆಯದರ ಕೆಳಗೆ ಬೇವಿನ ಕಂಬ ಕೊಟ್ಟು, ತೊಟ್ಟಿಲನ್ನು ಪಡಸಾಲೆಗೆ ಸಾಗಿಸಿದ್ದಾರೆ.